ಗೋಡೆ ಏರಿದ ಮರ

ಕಲಾಮೇಳದಲ್ಲಿ ಗ್ಯಾಲರಿಯವರು ಬಾಡಿಗೆ ಕಟ್ಟುವುದು ನೆಲಕ್ಕೆ, ಸಂಪಾದಿಸುವುದು ಗೋಡೆಯಿಂದ. ಮಳಿಗೆಯ ಲೆಕ್ಕ ನಡೆಯುವುದು ಚದರ ಮೀಟರಿನಲ್ಲಿ. ಅಷ್ಟು ದುಬಾರಿ ನೆಲದ ನಟ್ಟನಡುವೆ ಒಂದು ಶಿಲ್ಪ ತಂದು ನಿಲ್ಲಿಸಿದರೆ, ಅದು ತನ್ನ ಪಾಲಿನ ಜಾಗದ ಜೊತೆಗೆ ಸುತ್ತ ಓಡಾಡುವಷ್ಟು ಜಾಗವನ್ನೂ ನುಂಗುತ್ತದೆ. ಬಂದವರ ಬೆನ್ನಿನ ಬ್ಯಾಗು ತಗುಲದ ಹಾಗೆ ಕಾಯಲು ಒಬ್ಬ ಹುಡುಗ ಬೇಕು. ಕೊಳ್ಳುವವರಿಗೂ ಅದೇ ತಲೆಬಿಸಿ: ಮನೆಯಲ್ಲಿ ಎಲ್ಲಿಡುವುದು, ಮಕ್ಕಳು ಬೀಳಿಸಿದರೆ ಏನು ಗತಿ, ದೂಳು ಒರೆಸುವವರು ಯಾರು. ಗೋಡೆಗೆ ತೂಗುವ ಶಿಲ್ಪಕ್ಕೆ ಈ ರಗಳೆ ಇಲ್ಲ. ಸೋಫಾದ ಹಿಂದಿನ ಗೋಡೆ ಹೇಗೂ ಖಾಲಿ ಇರುತ್ತದೆ. ಶಿಲ್ಪ ಕೊಂಡ ಹೆಮ್ಮೆಯೂ ಸಿಕ್ಕಿತು, ಚಿತ್ರ ತೂಗಿದ ಅನುಕೂಲವೂ ಸಿಕ್ಕಿತು.

ಫೆಬ್ರವರಿಯಲ್ಲಿ ದೆಹಲಿಯ ಓಖ್ಲಾದ ಎನ್‌ಎಸ್‌ಐಸಿ ಮೈದಾನದಲ್ಲಿ ಇಂಡಿಯಾ ಆರ್ಟ್ ಫೇರ್ ಗುಡಾರ ಹಾಕುತ್ತದೆ. 2008ರಲ್ಲಿ ಪ್ರಗತಿ ಮೈದಾನದಲ್ಲಿ ‘ಇಂಡಿಯಾ ಆರ್ಟ್ ಸಮ್ಮಿಟ್’ ಎಂಬ ಹೆಸರಿನಲ್ಲಿ ಶುರುವಾದ ಮೇಳ ಇದು. ಒಳಗೆ ಮಳಿಗೆಯಿಂದ ಮಳಿಗೆಗೆ ನಡೆದರೆ ಗೋಡೆಯ ಮೇಲಿನ ಮರ ಹಲವು ವೇಷದಲ್ಲಿ ಎದುರಾಗುತ್ತದೆ. ಪ್ಲೈವುಡ್ಡನ್ನು ಯಂತ್ರದಲ್ಲಿ ಕೊರೆದು ಪದರದ ಮೇಲೆ ಪದರ ಕೂರಿಸಿದ ಅಲೆಗಳು ಒಂದು ಬಗೆ. ಬಣ್ಣಬಣ್ಣದ ತುಂಡುಗಳನ್ನು ತ್ರಿಕೋನ, ಚೌಕ ಎಂದು ಜೋಡಿಸಿದ ವಿನ್ಯಾಸಗಳು ಇನ್ನೊಂದು. ಮರದ ದಿಮ್ಮಿಯ ಅಡ್ಡ ಸೀಳಿಗೆ ನೀಲಿ ರಾಳ ಸುರಿದು ಕನ್ನಡಿಯ ಹಾಗೆ ಹೊಳಪಿಸಿದವು ಮತ್ತೊಂದು. ಚೆನ್ನಾಗಿಲ್ಲ ಎನ್ನುವಂತಿಲ್ಲ. ಎಲ್ಲವೂ ಚೆನ್ನಾಗಿವೆ; ಹೋಟೆಲ್ಲಿನ ಲಾಬಿಗೆ ಹೇಳಿ ಮಾಡಿಸಿದಷ್ಟು ಚೆನ್ನಾಗಿವೆ. ಮುಂದಿನ ಮಳಿಗೆಗೆ ಹೋಗುವಷ್ಟರಲ್ಲಿ ಮರೆತೂ ಹೋಗುತ್ತವೆ.

ಹಾಗಾದರೆ ಮರೆಯದೆ ಉಳಿಯುವುದು ಯಾವುದು? ನನ್ನ ಮಟ್ಟಿಗೆ ಉತ್ತರ ಸರಳ. ಕಲಾವಿದನ ಕೈಗೆ ಬರುವ ಮೊದಲೋ ಬಂದ ಮೇಲೋ ಆ ಮರಕ್ಕೆ ಏನಾದರೂ ಆಗಿರಬೇಕು. ಅದು ಮನೆಯೊಂದರ ಭಾಗವಾಗಿ ಬಾಳಿ ಕೆಡವಿಸಿಕೊಂಡಿರಬೇಕು, ಸುಟ್ಟಿರಬೇಕು, ಸೀಳಿಸಿಕೊಂಡಿರಬೇಕು. ಆಗಿದ್ದನ್ನು ಪಾಲಿಶ್ ಹಚ್ಚಿ ಮುಚ್ಚಿರಬಾರದು. ಈ ಅಳತೆಗೋಲು ಹಿಡಿದರೆ ಗೋಡೆಯ ಮೇಲಿನ ಮರದ ಕತೆಯನ್ನು ನ್ಯೂಯಾರ್ಕಿನ ಒಂದು ಕೆಡವಿದ ಬೀದಿಯಿಂದ ಶುರು ಮಾಡಬೇಕಾಗುತ್ತದೆ.

ಲೂಯಿಸ್ ನೆವೆಲ್ಸನ್ ಹುಟ್ಟಿದ್ದು 1899ರಲ್ಲಿ, ಇಂದಿನ ಉಕ್ರೇನಿನ ಪೆರೆಯಾಸ್ಲಾವ್ ಊರಿನ ಯಹೂದಿ ಕುಟುಂಬದಲ್ಲಿ. 1905ರಲ್ಲಿ ಕುಟುಂಬ ಅಮೆರಿಕದ ಮೇಯ್ನ್ ರಾಜ್ಯದ ರಾಕ್‌ಲ್ಯಾಂಡ್ ಎಂಬ ಕಡಲೂರಿಗೆ ಬಂತು. ಅಪ್ಪ ಮೊದಲು ಮರ ಕಡಿಯುವ ಕೆಲಸ ಮಾಡಿದರು, ಆಮೇಲೆ ಮರದ ಅಡ್ಡೆ ನಡೆಸಿದರು. ಹಲಗೆ, ತೊಲೆ, ಗರಗಸದ ಹೊಟ್ಟು ಈಕೆಗೆ ಬಾಲ್ಯದ ನೆರೆಹೊರೆ. ಮದುವೆಯಾಗಿ 1920ರಲ್ಲಿ ನ್ಯೂಯಾರ್ಕ್ ಸೇರಿದರು. ಸಂಸಾರದ ಚೌಕಟ್ಟಿಗೆ ಒಗ್ಗದೆ ಹೊರಬಂದರು, ಮ್ಯೂನಿಕ್ಕಿಗೆ ಹೋಗಿ ಹಾನ್ಸ್ ಹಾಫ್‌ಮನ್ ಬಳಿ ಕಲಿತರು, ಮೆಕ್ಸಿಕೋದ ಭಿತ್ತಿಚಿತ್ರಕಾರ ಡಿಯೆಗೊ ರಿವೆರಾಗೆ ಕೆಲಕಾಲ ಸಹಾಯಕಿಯಾದರು. ಹೆಸರು ಮಾತ್ರ ಬರಲಿಲ್ಲ. 1943ರ ಒಂದು ಪ್ರದರ್ಶನದಲ್ಲಿ ಏನೂ ಮಾರಾಟವಾಗದೆ ಹೋದಾಗ ಆ ಕೃತಿಗಳನ್ನು ತಾವೇ ನಾಶ ಮಾಡಿದರು. ಇಟ್ಟುಕೊಳ್ಳಲು ಜಾಗವೂ ಇರಲಿಲ್ಲ.

ಅವರು ವಾಸವಿದ್ದದ್ದು ಮ್ಯಾನ್‌ಹಟನ್‌ನ ಪೂರ್ವ 30ನೇ ಬೀದಿಯ ಹಳೆಯ ಮನೆಯೊಂದರಲ್ಲಿ. 1950ರ ದಶಕದಲ್ಲಿ ದೊಡ್ಡ ವಸತಿ ಸಮುಚ್ಚಯ ಕಟ್ಟಲು ಆ ಸುತ್ತಿನ ಮನೆಗಳನ್ನೆಲ್ಲ ಕೆಡವತೊಡಗಿದರು. ಕೊನೆಗೆ ನೆವೆಲ್ಸನ್ ಅವರ ಮನೆಯೂ ಹೋಯಿತು. ಅದಕ್ಕೂ ಮೊದಲೇ ಬೀದಿ ತುಂಬ ಮರ ಬಿದ್ದಿತ್ತು: ಮೆಟ್ಟಿಲ ಕಟಕಟೆಯ ಕಡೆದ ಕಂಬಗಳು, ಕಿಟಕಿ ಚೌಕಟ್ಟು, ಕುರ್ಚಿಯ ಬೆನ್ನು, ಬಾಗಿಲ ಪಟ್ಟಿ, ಮಂಚದ ಗುಬುಟು. ಜೊತೆಗೆ ಹಣ್ಣಿನಂಗಡಿಯವರು ಎಸೆದ ಪೆಟ್ಟಿಗೆಗಳು. ಈಕೆ ಅವನ್ನೆಲ್ಲ ಹೆಕ್ಕಿ ತಂದು ಮನೆ ತುಂಬಿಸಿಕೊಂಡರು. ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ ಬಾಯನ್ನು ನಮ್ಮ ಕಡೆ ತಿರುಗಿಸಿದರೆ ಅದೊಂದು ಗೂಡು. ಗೂಡಿನೊಳಗೆ ತುಂಡುಗಳನ್ನು ಜೋಡಿಸಿ, ಮೊಳೆ ಹೊಡೆದು, ಅಂಟು ಹಾಕಿ, ಗೂಡಿನ ಮೇಲೆ ಗೂಡು ಪೇರಿಸಿದರೆ ಗೋಡೆ. ಆ ಗೋಡೆಗೆ ಮೇಲಿಂದ ಕೆಳಗೆ ಒಂದೇ ಕಪ್ಪು.

1958ರ ‘ಸ್ಕೈ ಕೆಥೆಡ್ರಲ್’ ಈ ದಾರಿಯ ದೊಡ್ಡ ಕೃತಿ. ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ‘ಮೋಮಾ’ದಲ್ಲಿದೆ. ಹನ್ನೊಂದು ಅಡಿಗೂ ಹೆಚ್ಚು ಎತ್ತರ, ಹತ್ತಡಿ ಅಗಲ, ಆಳ ಮಾತ್ರ ಬರೀ ಒಂದೂವರೆ ಅಡಿ. ದೂರದಿಂದ ನೋಡಿದರೆ ಕಪ್ಪು ಮೊತ್ತ. ಸಮೀಪಕ್ಕೆ ಹೋದ ಹಾಗೆ ಒಂದೊಂದು ಗೂಡೂ ಬಾಯಿಬಿಡುತ್ತದೆ. ಒಂದರಲ್ಲಿ ಕಡೆದ ಕಂಬದ ಅರ್ಧ ಸೀಳು ಬೆನ್ನು ತೋರಿಸಿಕೊಂಡು ನಿಂತಿದೆ. ಇನ್ನೊಂದರಲ್ಲಿ ಕಡ್ಡಿಗಳು ಒತ್ತೊತ್ತಾಗಿವೆ. ಮತ್ತೊಂದರಲ್ಲಿ ಗುಂಡನೆಯ ಗುಬುಟೊಂದು ಏಕಾಂಗಿ. ಕಪ್ಪು ಬಣ್ಣ ಇಲ್ಲಿ ಎರಡು ಕೆಲಸ ಮಾಡುತ್ತದೆ. ಇದು ಓಕ್, ಇದು ಪೈನ್, ಇದು ಕುರ್ಚಿ, ಇದು ಮೆಟ್ಟಿಲು ಎಂಬ ಗುರುತು ಅಳಿಸುತ್ತದೆ. ನೆರಳಿಗೂ ಮರಕ್ಕೂ ನಡುವಿನ ಗಡಿಯನ್ನೂ ಅಳಿಸುತ್ತದೆ. ಎಲ್ಲಿ ಹಲಗೆ ಮುಗಿಯಿತು, ಎಲ್ಲಿ ಕತ್ತಲೆ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಹಾಗಾಗಿಯೇ ಒಂದೂವರೆ ಅಡಿಯ ಆಳ ಹತ್ತು ಅಡಿಯಷ್ಟಾಗಿ ಕಾಣುತ್ತದೆ. ಛಾಯಾಚಿತ್ರದಲ್ಲಿ ಈ ಅನುಭವದ ಕಾಲು ಭಾಗವೂ ಉಳಿಯುವುದಿಲ್ಲ. ಬೆಳಕು ಒಂದಿಷ್ಟು ಸರಿದರೂ ಕೃತಿಯೇ ಬೇರೆ.

ಆಗ ನೆವೆಲ್ಸನ್‌ಗೆ ಅರವತ್ತರ ಹತ್ತಿರ. ಮರುವರ್ಷ ಮೋಮಾ ‘ಹದಿನಾರು ಅಮೆರಿಕನ್ನರು’ ಎಂಬ ಪ್ರದರ್ಶನಕ್ಕೆ ಕರೆಯಿತು. ಕಪ್ಪಿನಿಂದ ಹೆಸರಾದಾಕೆ ಇಡೀ ಕೋಣೆಯನ್ನು ಬಿಳಿ ಮರದಿಂದ ತುಂಬಿದರು. ಅದಕ್ಕೆ ‘ಡಾನ್ಸ್ ವೆಡ್ಡಿಂಗ್ ಫೀಸ್ಟ್’, ಮುಂಜಾವದ ಮದುವೆಯೂಟ, ಎಂದು ಹೆಸರಿಟ್ಟರು. ತಮಾಷೆಯೆಂದರೆ ಅದೇ ಪ್ರದರ್ಶನದಲ್ಲಿ ಇಪ್ಪತ್ತಮೂರರ ಹುಡುಗ ಫ್ರ್ಯಾಂಕ್ ಸ್ಟೆಲ್ಲಾ ತನ್ನ ಕಪ್ಪು ಚಿತ್ರಗಳನ್ನು ತೂಗಿದ್ದ. ಬಿಳಿಯ ಕೋಣೆಯನ್ನು ಯಾರಾದರೂ ಇಡಿಯಾಗಿ ಕೊಳ್ಳಲಿ ಎಂಬುದು ನೆವೆಲ್ಸನ್ ಆಸೆ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅದು ಬಿಡಿಬಿಡಿಯಾಗಿ ಹೋಯಿತು. ಕೆಲವು ತುಂಡುಗಳು ಬೇರೆ ಕೃತಿಗಳ ಒಳಗೆ ಸೇರಿಕೊಂಡವು. ಮಾರುಕಟ್ಟೆ ಗೋಡೆಯನ್ನು ಒಪ್ಪುತ್ತದೆ, ಕೋಣೆಯನ್ನು ಒಪ್ಪುವುದಿಲ್ಲ ಎಂಬ ಪಾಠ ಅಂದೇ ಸಿಕ್ಕಿತ್ತು. ಆಧುನಿಕ ಕಲಾಮೇಳ ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು 1967ರಲ್ಲಿ, ಜರ್ಮನಿಯ ಕಲೋನ್‌ನಲ್ಲಿ, 18 ಗ್ಯಾಲರಿಗಳಿಂದ. ಮೂರು ವರ್ಷದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮೂವರು ಗ್ಯಾಲರಿ ಮಾಲೀಕರು ಸೇರಿ ಆರ್ಟ್ ಬಾಸೆಲ್ ಶುರು ಮಾಡಿದರು. ಮೊದಲ ವರ್ಷವೇ ಹತ್ತು ದೇಶಗಳ 90 ಗ್ಯಾಲರಿ, ಹದಿನಾರು ಸಾವಿರಕ್ಕೂ ಹೆಚ್ಚು ಜನ. ಮಳಿಗೆಯಲ್ಲಿ ಹಿಡಿಸದ ಗಾತ್ರದ ಕೃತಿಗಳಿಗೆಂದೇ ‘ಅನ್‌ಲಿಮಿಟೆಡ್’ ಎಂಬ ವಿಭಾಗ ಬಂದಿದ್ದು 2000ದಲ್ಲಿ. ಅಂದರೆ ಮೂರು ದಶಕ ಕಾಲ ಮೇಳದ ವ್ಯಾಕರಣವೆಲ್ಲ ಮೂರು ಗೋಡೆಗಳ ಮಳಿಗೆಯದೇ ಆಗಿತ್ತು. ಇಂದಿಗೂ ಬಹುಪಾಲು ವ್ಯಾಪಾರ ಅಲ್ಲಿಯೇ.

ನೆವೆಲ್ಸನ್ ಮರ ಹೆಕ್ಕಿದರು. ಘಾನಾ ಮೂಲದ ಎಲ್ ಅನಾಟ್ಸುಯಿ ಮರವನ್ನು ಗಾಯಗೊಳಿಸಿದರು. ಬಾಟಲಿ ಮುಚ್ಚಳಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು ಮಾಡುವ ಹೊಳೆಯುವ ಬೃಹತ್ ಹೊದಿಕೆಗಳಿಂದ ಅವರನ್ನು ಜಗತ್ತು ಬಲ್ಲದು. 2015ರಲ್ಲಿ ವೆನಿಸ್ ಬಿಯೆನಾಲೆ ಜೀವಮಾನ ಸಾಧನೆಯ ಚಿನ್ನದ ಸಿಂಹ ಕೊಟ್ಟಿತು. ಆದರೆ ಮುಚ್ಚಳಗಳು ಕೈಗೆ ಸಿಕ್ಕಿದ್ದು 1990ರ ದಶಕದ ಕೊನೆಗೆ. ಅದಕ್ಕೂ ಮೊದಲಿನ ಸುಮಾರು ಮೂರು ದಶಕ ಅವರ ಮುಖ್ಯ ಸಂಗಾತಿಗಳಲ್ಲಿ ಒಂದು ಮರ. 1944ರಲ್ಲಿ ಅನ್ಯಾಕೊ ಎಂಬಲ್ಲಿ ಹುಟ್ಟಿದ ಅನಾಟ್ಸುಯಿ ಕುಮಾಸಿಯ ಕಲಾಶಾಲೆಯಲ್ಲಿ ಓದಿದ್ದು ಯುರೋಪಿನ ಪಠ್ಯಕ್ರಮ. ಹೊರಬಂದ ಮೇಲೆ ಅವರ ಕಣ್ಣು ಬಿದ್ದದ್ದು ಸಂತೆಯ ಮೇಲೆ. ಮಾರುವ ಹೆಂಗಸರು ಸರಕು ಜೋಡಿಸಿಡುವ ದುಂಡನೆಯ ಮರದ ತಟ್ಟೆಗಳನ್ನು ತೆಗೆದುಕೊಂಡು, ಕಾಯಿಸಿದ ಕಬ್ಬಿಣದಿಂದ ಅವುಗಳ ಮೇಲೆ ಗುರುತು ಸುಟ್ಟು, ಗೋಡೆಗೆ ತೂಗಿದರು. ಘಾನಾದ ಹೆಸರಾಂತ ಅಡಿಂಕ್ರಾ ಚಿಹ್ನೆಗಳು ಆ ತಟ್ಟೆಗಳ ಮೇಲೆ ಬಂದವು. ಸಂತೆಯ ತಟ್ಟೆ ನೇರವಾಗಿ ಗೋಡೆ ಏರಿದ ಪ್ರಸಂಗ ಇದು.

ದೊಡ್ಡ ತಿರುವು 1980ರಲ್ಲಿ. ಆಗವರು ನೈಜೀರಿಯದ ಎನ್‌ಸುಕ್ಕಾ ಊರಿನ ವಿಶ್ವವಿದ್ಯಾಲಯದ ಮೇಷ್ಟ್ರು. ಅಮೆರಿಕದ ಮಸಾಚುಸೆಟ್ಸ್‌ನ ಕಮಿಂಗ್ಟನ್ ಎಂಬಲ್ಲಿ ಕಲಾವಿದರ ಶಿಬಿರಕ್ಕೆ ಹೋದಾಗ ಯಂತ್ರದ ಗರಗಸ ಕೈಗೆ ಬಂತು. ಚೈನ್ ಗರಗಸ ಮರಕಡಿಯುವವರ ಸಲಕರಣೆ. ಶಿಲ್ಪಿಯ ಕೈಚಳಕಕ್ಕೆ ಅದರಲ್ಲಿ ಎಡೆ ಕಡಿಮೆ. ಉಳಿ ನಾರಿನ ಜಾಡು ಹಿಡಿದು ಹೋಗುತ್ತದೆ, ಮರದೊಡನೆ ಮಾತಾಡುತ್ತ ಹೋಗುತ್ತದೆ. ಚೈನ್ ಗರಗಸಕ್ಕೆ ಆ ದಾಕ್ಷಿಣ್ಯವಿಲ್ಲ. ನಾರು ಯಾವ ಕಡೆಗಿದ್ದರೂ ಅದು ಅಡ್ಡಡ್ಡ ಹರಿದು ಹೋಗುತ್ತದೆ, ಅಂಚಿನಲ್ಲಿ ಸಿಬರು ಎಬ್ಬಿಸುತ್ತದೆ. ಆ ಸೀಳಿನಲ್ಲಿ ಅನಾಟ್ಸುಯಿ ಆಫ್ರಿಕದ ಚರಿತ್ರೆ ಕಂಡರು. ನಕಾಶೆಯ ಮೇಲೆ ಗೆರೆ ಎಳೆದು ಒಂದೊಂದು ದೇಶ ಒಂದೊಂದು ತುಂಡು ಹಂಚಿಕೊಂಡದ್ದು ಜನರ ನಾರು ನೋಡಿಕೊಂಡಲ್ಲವಲ್ಲ! ಎನ್‌ಸುಕ್ಕಾದಲ್ಲಿ ಅವರು ಬೇರೆ ಬೇರೆ ಬಣ್ಣದ, ಬೇರೆ ಬೇರೆ ಗಡಸುತನದ ಸ್ಥಳೀಯ ಮರಗಳ ಉದ್ದ ಪಟ್ಟಿಗಳನ್ನು ಮಗ್ಗುಲಿಗೆ ಮಗ್ಗುಲು ನಿಲ್ಲಿಸಿ, ಅಷ್ಟೂ ಪಟ್ಟಿಗಳ ಮೇಲೆ ಗರಗಸ ಓಡಿಸಿದರು. ಗೀರಿದ ಜಾಗವನ್ನು ಬೆಂಕಿಯಿಂದ ಕರಿದು ಮಾಡಿದರು, ಅಲ್ಲಲ್ಲಿ ಬಣ್ಣ ತುಂಬಿದರು. ದೂರಕ್ಕೆ ಹಾಸಿದ ಚಾಪೆಯನ್ನು ಎತ್ತಿ ಗೋಡೆಗೆ ಒರಗಿಸಿದಂತೆ ಕಾಣುತ್ತದೆ. 1992ರ ‘ಅಜ್ಜಿಯ ಬಟ್ಟೆ’ ಸರಣಿಯ ಹೆಸರೇ ಹೇಳುವಂತೆ ಮುಂದಿನ ಲೋಹದ ವಸ್ತ್ರಗಳ ನೇಯ್ಗೆ ಈ ಮರದಲ್ಲೇ ಶುರುವಾಗಿತ್ತು.

ಈ ಪಟ್ಟಿಗಳ ಇನ್ನೊಂದು ಗುಣ ನನಗೆ ಬಹಳ ಹಿಡಿಸುತ್ತದೆ. ತೂಗುವವರು ಪಟ್ಟಿಗಳ ಕ್ರಮ ಬದಲಿಸಿದರೂ ಆಗಬಹುದು ಎಂದು ಕಲಾವಿದರು ಬಿಟ್ಟುಕೊಟ್ಟದ್ದುಂಟು. ಕಲಾಮೇಳದಲ್ಲಿ ಕೃತಿಯ ಪಕ್ಕ ಎರಡು ಬೆರಳು ಹೋದರೂ ಹುಬ್ಬು ಗಂಟಿಕ್ಕುವ ಸಿಬ್ಬಂದಿಯನ್ನು ಕಂಡವರಿಗೆ ಈ ಔದಾರ್ಯದ ಬೆಲೆ ಗೊತ್ತು.

ಬೆಂಕಿಯ ಮಾತು ಬಂದರೆ ಆಫ್ರಿಕದವರೆಗೆ ಹೋಗಬೇಕಿಲ್ಲ. 1962ರಲ್ಲಿ ಗುಜರಾತಿನ ಭಾವನಗರದ ಒಂದು ಮನೆಯಲ್ಲಿ ಕೆಲವು ಕಲಾವಿದರು ಸೇರಿದರು. ಮನೆಯ ನಂಬರು 1890. ಗುಂಪಿಗೂ ಅದೇ ಹೆಸರಾಯಿತು. ಹನ್ನೆರಡು ಮಂದಿಯ ಗ್ರೂಪ್ 1890 ನಡೆಸಿದ್ದು ಒಂದೇ ಪ್ರದರ್ಶನ. 1963ರ ಅಕ್ಟೋಬರಿನಲ್ಲಿ ದೆಹಲಿಯ ರವೀಂದ್ರ ಭವನದಲ್ಲಿ. ಉದ್ಘಾಟಿಸಿದ್ದು ನೆಹರೂ, ಪ್ರದರ್ಶನದ ಪುಸ್ತಿಕೆಗೆ ಬರೆದದ್ದು ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ಟಾವಿಯೊ ಪಾಜ್. ಆ ಗುಂಪಿನ ಜೆರಾಂ ಪಟೇಲ್ ಕುಂಚ ಕೆಳಗಿಟ್ಟು ಬ್ಲೋಟಾರ್ಚ್ ಎತ್ತಿಕೊಂಡರು. ಬೆಸುಗೆಯವರು, ಬಣ್ಣ ಕೆರೆಯುವವರು ಬಳಸುವ ಆ ಉರಿಯ ಮೂತಿಯನ್ನು ಪ್ಲೈವುಡ್ಡಿಗೆ ಹಿಡಿದರೆ ಮೊದಲ ಪದರ ಕಂದುತ್ತದೆ, ಎರಡನೆಯದು ಗುಳ್ಳೆ ಎದ್ದು ಬಿರಿಯುತ್ತದೆ, ಮುಂದಿನದು ಇದ್ದಿಲಾಗಿ ಉದುರುತ್ತದೆ. ಸುಟ್ಟು, ಕೆರೆದು, ಮತ್ತೆ ಸುಟ್ಟು, ಪಟೇಲ್ ಹಲಗೆಯೊಳಗೆ ಕುಳಿ ತೋಡಿದರು. ಸುತ್ತ ಹಸಿಯಾಗಿ ಉಳಿದ ಹೊಂಬಣ್ಣದ ಮರ, ನಡುವೆ ದೇಹದ ಒಳಭಾಗದಂತಹ ಕರಿ ಆಕಾರ. ಅದನ್ನು ಚಿತ್ರ ಎನ್ನುವುದೂ ಕಷ್ಟ, ಶಿಲ್ಪ ಎನ್ನುವುದೂ ಕಷ್ಟ.

1930ರಲ್ಲಿ ಸೋಜಿತ್ರಾದಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಕಲಿತು, ಲಂಡನ್ನಿನಲ್ಲಿ ಅಕ್ಷರ ವಿನ್ಯಾಸ ಓದಿ ಬಂದು, ಬರೋಡದಲ್ಲಿ ದೀರ್ಘಕಾಲ ಪಾಠ ಮಾಡಿದ ಪಟೇಲ್ ತೀರಿಕೊಂಡದ್ದು 2016ರ ಜನವರಿಯಲ್ಲಿ. ಅದೇ ವರ್ಷ ದೆಹಲಿಯ ಕಿರಣ್ ನಾಡಾರ್ ಸಂಗ್ರಹಾಲಯ ಅವರ ಇಡೀ ಬದುಕಿನ ಕೆಲಸವನ್ನು ಒಟ್ಟಿಗೆ ತೋರಿಸಿತು. ಅಹಮದಾಬಾದಿನ ಪಿರಾಜಿ ಸಾಗರ ಕೂಡ ಮರದ ಹಲಗೆಯನ್ನು ಸುಟ್ಟು, ಅದಕ್ಕೆ ತಗಡು, ಮೊಳೆ ಬಡಿದು ಗೋಡೆಗೆ ಹಾಕಿದವರು. ಇಂದಿನ ಮೇಳಗಳಲ್ಲಿ ಸುಟ್ಟ ಮರ ಒಂದು ಶೋಕಿಯಾಗಿದೆ. ಹೊಸದೇನೋ ಕಂಡಿತೆಂದು ಫೋಟೊ ತೆಗೆಯುವವರು ಅರವತ್ತು ವರ್ಷ ಹಿಂದಿನ ಈ ಇಬ್ಬರನ್ನು ನೋಡಿದ್ದರೆ ಕ್ಯಾಮೆರಾ ಸ್ವಲ್ಪ ನಿಧಾನಕ್ಕೆ ಎತ್ತುತ್ತಿದ್ದರು.

ಅಮೆರಿಕದ ಲಿಯೊನಾರ್ಡೊ ಡ್ರೂ ಅವರದು ಇವರೆಲ್ಲರಿಗಿಂತ ತಲೆಕೆಳಗಾದ ದಾರಿ. 1961ರಲ್ಲಿ ಹುಟ್ಟಿದ ಈ ಕಲಾವಿದ ತಮ್ಮ ಕೃತಿಗಳಿಗೆ ಹೆಸರಿಡುವುದಿಲ್ಲ, ಬರೀ ನಂಬರು. ಅವರ ಗೋಡೆಗಳಲ್ಲಿ ಚೂರುಚೂರಾದ ಕರಿ ಮರ ಸ್ಫೋಟವಾಗಿ ಚೆಲ್ಲಿದ ಹಾಗಿರುತ್ತದೆ. ಎಲ್ಲೋ ಬಿದ್ದಿದ್ದನ್ನು ಆಯ್ದು ತಂದಿರಬೇಕು ಅನ್ನಿಸುತ್ತದೆ. ಇಲ್ಲ, ಹೆಚ್ಚಿನದು ಅಂಗಡಿಯಿಂದ ತಂದ ಹೊಸ ಮರ. ಅದನ್ನು ಸುಟ್ಟು, ಒಡೆದು, ಬಣ್ಣಗೆಡಿಸಿ, ಮಳೆ ಬಿಸಿಲು ವರ್ಷಗಟ್ಟಲೆ ಮಾಡುವ ಕೆಲಸವನ್ನು ತಾವೇ ಮಾಡುತ್ತಾರೆ. ಇದನ್ನು ಕಪಟ ಅನ್ನಬಹುದೇ ಎಂದು ನಾನೂ ಯೋಚಿಸಿದ್ದುಂಟು. ಕೆಲಸ ನೋಡಿದರೆ ಹಾಗನ್ನಿಸುವುದಿಲ್ಲ. ವಯಸ್ಸಾಗಿಸುವುದಕ್ಕೆ ಹಿಡಿದ ಶ್ರಮ ಕೃತಿಯ ಮೈಮೇಲೇ ಇದೆ, ಬಚ್ಚಿಟ್ಟಿಲ್ಲ. ಹೊಸ ಪೀಠೋಪಕರಣಕ್ಕೆ ಸರಪಳಿಯಿಂದ ಹೊಡೆದು ‘ಆಂಟಿಕ್’ ಎಂದು ಮಾರುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಅದು ಸಣ್ಣದಲ್ಲ.

ಇಷ್ಟು ಕಲಾವಿದನ ಕಡೆಯ ಮಾತಾಯಿತು. ಮರಕ್ಕೂ ತನ್ನದೇ ಹಟ ಇದೆ. ಕಡಿದು, ಒಣಗಿಸಿ, ಕೃತಿ ಮಾಡಿ, ಸಹಿ ಹಾಕಿದ ಮೇಲೂ ಅದು ಗಾಳಿಯ ತೇವ ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಉದ್ದಕ್ಕೆ ಅದು ಹೆಚ್ಚು ಕಡಿಮೆ ಅಲುಗುವುದೇ ಇಲ್ಲ. ಅಡ್ಡಕ್ಕೆ ಅಲುಗುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ತೇಗ ಒಳ್ಳೆಯ ನಡತೆಯ ಮರ ಎಂದು ಹೆಸರಾದದ್ದು. ಅದು ಕೂಡ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ತಿರುಳಿನಿಂದ ತೊಗಟೆಯ ದಿಕ್ಕಿಗೆ ಶೇ 2.5ರಷ್ಟು, ವಾರ್ಷಿಕ ಉಂಗುರಗಳ ಗುಂಟ ಶೇ 5.8ರಷ್ಟು ಕುಗ್ಗುತ್ತದೆ. ಈ ಎರಡರ ಅಂತರವೇ ಹಲಗೆ ಸೊಟ್ಟಗಾಗಲು, ಬಿರುಕು ಬಿಡಲು ಕಾರಣ. ಮಂಗಳೂರಿನ ಮಳೆಗಾಲದಲ್ಲಿ ಮಾಡಿದ ಒಂದಡಿ ಅಗಲದ ಹಲಗೆ ಹೀಟರ್ ಹಾಕಿದ ದೆಹಲಿಯ ಕೋಣೆಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಕುಗ್ಗಿದರೆ ಆಶ್ಚರ್ಯವಿಲ್ಲ. ಆ ಹಲಗೆಯನ್ನು ಹಿಂದಿನಿಂದ ಕಬ್ಬಿಣದ ಪಟ್ಟಿಗೆ ಬಿಗಿಯಾಗಿ ತಿರುಪು ಹಾಕಿ ಕೂರಿಸಿದ್ದರೆ ಕುಗ್ಗಲು ಜಾಗ ಸಿಗದೆ ನಡುವೆ ಸೀಳುತ್ತದೆ. ನಮ್ಮ ಬಡಗಿಗಳಿಗೆ ಇದು ಹಳೆಯ ಪಾಠ. ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿನ ಸೀಳಿನಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸುವುದು ಇದೇ ಕಾರಣಕ್ಕೆ. ಕಲಾಶಾಲೆಯಿಂದ ಬಂದ ಎಷ್ಟೋ ಮಂದಿ ಕೃತಿ ಒಡೆದ ಮೇಲೆ ಬಡಗಿಯ ಹತ್ತಿರ ಹೋಗಿ ಇದನ್ನು ಕಲಿಯುತ್ತಾರೆ.

ತೂಗುಹಾಕುವುದೂ ಒಂದು ವಿದ್ಯೆ. ಮೇಳದ ಮಳಿಗೆಯ ಗೋಡೆ ನಿಜವಾದ ಗೋಡೆಯಲ್ಲ, ಚೌಕಟ್ಟಿಗೆ ಬಡಿದ ತೆಳುವಾದ ಹಲಗೆ. ಅರವತ್ತು ಎಪ್ಪತ್ತು ಕೆಜಿಯ ಮರವನ್ನು ಎರಡು ಮೊಳೆಗೆ ನೇತುಹಾಕಿದರೆ ಗೋಡೆಯ ಸಮೇತ ಕೆಳಗೆ ಬರುತ್ತದೆ. ಅದಕ್ಕೆ ಮೊದಲೇ ಹೇಳಿ ಒಳಗೆ ದಪ್ಪ ಪ್ಲೈವುಡ್ ಹಾಕಿಸಿಕೊಳ್ಳಬೇಕು. ಒಂದು ಗಟ್ಟಿ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ, ಅರ್ಧವನ್ನು ಗೋಡೆಗೆ, ಇನ್ನರ್ಧವನ್ನು ಕೃತಿಯ ಬೆನ್ನಿಗೆ ತಿರುಪು ಹಾಕುತ್ತಾರೆ. ಮೇಲಿನದು ಕೆಳಗಿನದರ ಮೇಲೆ ಕೂತು, ಭಾರ ಹೆಚ್ಚಿದಷ್ಟೂ ಗೋಡೆಯ ಕಡೆಗೇ ಜಗ್ಗಿಕೊಳ್ಳುತ್ತದೆ. ಇಳಿಸುವಾಗ ಮೇಲಕ್ಕೆತ್ತಿದರೆ ಸಾಕು.

ಸಾಗಣೆಯಲ್ಲಿ ಇನ್ನೊಂದು ವಿಚಿತ್ರ. ಕೃತಿ ದೇಶ ದಾಟಬೇಕಾದರೆ ಅದನ್ನಿಡುವ ಮರದ ಪೆಟ್ಟಿಗೆಗೆ ಅಂತರರಾಷ್ಟ್ರೀಯ ನಿಯಮವಿದೆ. ಹುಳು ಹುಪ್ಪಟೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗದಿರಲೆಂದು ಪೆಟ್ಟಿಗೆಯ ಹಲಗೆಯ ಒಳತಿರುಳನ್ನು 56 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕನಿಷ್ಠ 30 ನಿಮಿಷ ಕಾಯಿಸಿ, ಗೋಧಿ ತೆನೆಯ ಚಿತ್ರವಿರುವ ಮುದ್ರೆ ಒತ್ತಿರಬೇಕು. ಬೀಟೆಯ ವಿಷಯ ಇನ್ನೂ ಸೂಕ್ಷ್ಮ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ, ಅಪಾಯದಲ್ಲಿರುವ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ಹೊರದೇಶಕ್ಕೆ ಕಳಿಸಲು ಕಾಗದ ಪತ್ರ ಬೇಕಾಯಿತು. ಭಾರತದ ಕರಕುಶಲಿಗರು ಇದರಿಂದ ಹೈರಾಣಾದರು. 2022ರಲ್ಲಿ ಪನಾಮಾದಲ್ಲಿ ನಡೆದ ಸಭೆಯಲ್ಲಿ, ಒಂದೊಂದು ವಸ್ತುವಿನಲ್ಲಿ ಬೀಟೆಯ ತೂಕ 10 ಕೆಜಿ ಮೀರದಿದ್ದರೆ, ಒಂದೇ ಸಲಕ್ಕೆ ಎಷ್ಟು ವಸ್ತು ಕಳಿಸಿದರೂ ಅನುಮತಿ ಬೇಡ ಎಂಬ ಸ್ಪಷ್ಟನೆ ಭಾರತಕ್ಕೆ ಸಿಕ್ಕಿತು.

ಈ ಸ್ಪಷ್ಟನೆ ಮೈಸೂರಿನ ಮಂಡಿ ಮೊಹಲ್ಲಾದಂಥ ಕಡೆಗೆ ಸಂಬಂಧಪಟ್ಟದ್ದು. ಅಲ್ಲಿಯ ಇನ್‌ಲೇ ಕೆಲಸ ಭೌಗೋಳಿಕ ಗುರುತು ಪಡೆದಿದೆ. ಬೀಟೆಯ ಕರಿಗಂದು ಹಲಗೆಯ ಮೇಲೆ ವಿನ್ಯಾಸ ಬರೆದು, ಉಳಿಯಿಂದ ತಗ್ಗು ತೋಡಿ, ಬೇರೆ ಮರಗಳ ತೆಳುವಾದ ಚೂರುಗಳನ್ನು ಕೂದಲೆಳೆಯೂ ತೂರದಂತೆ ಕೂರಿಸುತ್ತಾರೆ. ಹಳದಿ ಬೇಕೇ, ಹಲಸು. ಬಣ್ಣ ಬಳಿಯುವ ಮಾತೇ ಇಲ್ಲ. ಆನೆಯ ಬೂದು, ಸಂಜೆಯ ಕೆಂಪು ಎಲ್ಲ ಆಯಾ ಮರದ್ದೇ. ಹಿಂದೆ ಬಿಳಿಗೆ ದಂತ ಬಳಸುತ್ತಿದ್ದರು. ಅರಮನೆಯ ಬಾಗಿಲುಗಳಲ್ಲಿ ಅದು ಈಗಲೂ ಕಾಣುತ್ತದೆ. ಕೈಚಳಕದಲ್ಲಿ ಓಖ್ಲಾದ ಗುಡಾರದ ಮುಕ್ಕಾಲು ಪಾಲು ಮರದ ಕೃತಿಗಳನ್ನು ಇದು ಸೋಲಿಸುತ್ತದೆ. ಆದರೆ ಅದೇ ಆನೆ, ಅದೇ ಹಳ್ಳಿಯ ನೋಟ, ಅದೇ ಎತ್ತಿನ ಗಾಡಿ ದಶಕಗಳಿಂದ ಬರುತ್ತಿವೆ. ಕಾವೇರಿ ಎಂಪೋರಿಯಂನ ಗಿರಾಕಿ ಅದನ್ನೇ ಕೇಳುತ್ತಾನೆ, ಕುಶಲಕರ್ಮಿ ಅದನ್ನೇ ಕೊಡುತ್ತಾನೆ. ಗುಡಾರದ ಕಡೆ ಕಲ್ಪನೆಯಿದೆ, ಕೈ ಕಚ್ಚಾ. ಮಂಡಿ ಮೊಹಲ್ಲಾದಲ್ಲಿ ಕೈ ಪಳಗಿದೆ, ಹೊಸದನ್ನು ಕೇಳುವ ಗಿರಾಕಿಯಿಲ್ಲ. ಇವರಿಬ್ಬರನ್ನೂ ಒಂದೇ ಮಳಿಗೆಯಲ್ಲಿ ಕೂರಿಸುವ ಗ್ಯಾಲರಿಯನ್ನು ನಾನಿನ್ನೂ ಕಂಡಿಲ್ಲ.

ನಮ್ಮಲ್ಲಿ ಗೋಡೆ ಏರಿದ ಮರದ ಇನ್ನೊಂದು ಜಾತಿಯಿದೆ: ಹಳೆಯ ತೇರಿನ ಹಲಗೆ. ರಥದ ಗಡ್ಡೆಯ ಸುತ್ತ ಕೂರಿಸುವ ಉಬ್ಬುಶಿಲ್ಪಗಳಿವು. ತೇರು ಶಿಥಿಲವಾಗಿ ಹೊಸದನ್ನು ಮಾಡಿಸಿದಾಗ ಹಳೆಯದರ ಬಿಡಿಭಾಗಗಳು ಹಳೇ ಸಾಮಾನಿನ ವ್ಯಾಪಾರಿಗಳ ಕೈಸೇರಿ, ಅಲ್ಲಿಂದ ಮನೆ, ಹೋಟೆಲುಗಳ ಗೋಡೆಗೆ ಬಂದದ್ದುಂಟು. ಅಂಥ ಒಂದು ಹಲಗೆಯನ್ನು ಬೆಂಗಳೂರಿನ ಹೋಟೆಲೊಂದರಲ್ಲಿ ಹತ್ತಿರದಿಂದ ನೋಡಿದ್ದೇನೆ. ಕೃಷ್ಣನಿರಬೇಕು, ಕೊಳಲು ಮುರಿದಿದೆ. ಎಣ್ಣೆ, ದೂಳು, ಕರ್ಪೂರದ ಹೊಗೆ ಸೇರಿ ಮೈಯೆಲ್ಲ ಕಪ್ಪು. ಮೂಗು, ಮೊಣಕಾಲು ಮಾತ್ರ ಮುಟ್ಟಿ ನಮಸ್ಕರಿಸಿದವರ ಕೈ ಸೋಕಿ ಸವೆದು ನುಣ್ಣಗಾಗಿವೆ. ಬಲಗಡೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರದ ನಾರಿನೊಳಗೆ ನೀಲಿಗಪ್ಪು ಕಲೆ ಹರಿದಿದೆ. ಕೆಳಗಿನ ಅಂಚಿನಲ್ಲಿ ಕೊರೆಹುಳು ಮಾಡಿದ ಸಣ್ಣ ತೂತುಗಳು. ಕೆತ್ತಿದ ಆಚಾರಿಯ ಕೆಲಸ ಎಷ್ಟೋ, ಆಮೇಲೆ ಊರು ಮಾಡಿದ ಕೆಲಸವೂ ಅಷ್ಟೇ. ಅದರ ಮೇಲೆ ಹೋಟೆಲಿನವರು ಹಳದಿ ಫೋಕಸ್ ಲೈಟು ಬಿಟ್ಟಿದ್ದರು. ನೂರು ವರ್ಷ ದಾಟಿದ ಇಂಥ ಶಿಲ್ಪವನ್ನು 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಊರ ತೇರಿನಿಂದ ಹೋಟೆಲಿಗೆ ಒಯ್ಯುವುದನ್ನು ಅದು ಅಷ್ಟು ಬಿಗಿಯಾಗಿ ತಡೆಯುವುದಿಲ್ಲ. ಹೊಸ ತೇರಿನ ಕೆಲಸ ಮಾತ್ರ ನಿಂತಿಲ್ಲ. ಕುಂದಾಪುರದ ಬಳಿಯ ಕೋಟೇಶ್ವರದ ರಥಶಿಲ್ಪಿಗಳಿಗೆ ಈಗಲೂ ಕೈತುಂಬ ಕೆಲಸ.

ಬೆಂಗಳೂರಿನಲ್ಲಿ ಮರದ ಉಬ್ಬುಶಿಲ್ಪ ಕೊಳ್ಳಬೇಕೆಂದರೆ ಓಖ್ಲಾಕ್ಕೆ ಟಿಕೆಟ್ ತೆಗೆಯಬೇಕಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತ ಬಂದ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಗೆ ಹೋದರೆ ಸಾಕು. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆ, ಫುಟ್‌ಪಾತ್ ಮೇಲೆ ಕೂತಿರುತ್ತಾರೆ. ನೂರು ರೂಪಾಯಿಯಿಂದ ಲಕ್ಷಗಳವರೆಗೆ ಬೆಲೆ. ಚಿತ್ರಗಳ ನಡುವೆ ಮರದ ಕೆಲಸವೂ ಇಣುಕುತ್ತದೆ. ಮಳಿಗೆ ಬಾಡಿಗೆಯ ಭಾರವಿಲ್ಲ, ಮಧ್ಯವರ್ತಿಯಿಲ್ಲ. ಯಾವ ಮರ, ಎಲ್ಲಿಯದು, ಎಷ್ಟು ದಿನ ಒಣಗಿಸಿದಿರಿ ಎಂದು ಮಾಡಿದವರನ್ನೇ ಕೇಳಬಹುದು. ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಬರೀ ‘ಗೆದ್ದಲು ಹಿಡಿಯುವುದಿಲ್ಲವಾ?’ ಎಂದು ಕೇಳಿ ಕೇಳಿ ಅವರಿಗೂ ಸಾಕಾಗಿರುತ್ತದೆ.

ಕೊಳ್ಳುವ ಮೊದಲು ಕೃತಿಯನ್ನು ತಿರುಗಿಸಿ ಬೆನ್ನು ನೋಡಿ. ಮುಂದೆ ಎಷ್ಟೇ ನಯವಿರಲಿ, ಕೆಲಸಗಾರನ ನಿಯತ್ತು ತಿಳಿಯುವುದು ಅಲ್ಲಿ. ಹಿಂಬದಿಯ ಪಟ್ಟಿಗೆ ಹಾಕಿದ ತಿರುಪಿನ ತೂತು ತುಸು ಉದ್ದವಾಗಿದ್ದರೆ, ಮರ ಅಲುಗುತ್ತದೆಂದು ಬಲ್ಲವರು ಮಾಡಿದ್ದು. ಹೊಸದಾಗಿ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಜೀವಂತ. ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಸಣ್ಣ ಬಿರುಕಿಗೆ ಹೆದರಬೇಕಿಲ್ಲ, ಚೌಕಾಸಿಗೆ ಅದನ್ನು ನೆಪ ಮಾಡಲೂ ಬೇಡಿ. ಮನೆಗೆ ತಂದ ಮೇಲೆ ಒಂದೆರಡು ವಾರ ಒಳಗೇ ಒರಗಿಸಿಟ್ಟು ಆಮೇಲೆ ತೂಗಿ. ಮಳೆಗಾಲದಲ್ಲಿ ಬೆವರುವ ಹೊರಗೋಡೆ ಬೇಡ, ಒಳಗೋಡೆ ಆಗಲಿ. ಗೋಡೆಗೂ ಮರಕ್ಕೂ ನಡುವೆ ಅರ್ಧ ಇಂಚು ಗಾಳಿಯಾಡಲು ಬಿಡಿ. ಬೆಳಕು ಎದುರಿನಿಂದ ಬೇಡ, ಮಗ್ಗುಲಿನಿಂದ ಬರಲಿ. ಎದುರಿನ ಬೆಳಕಿನಲ್ಲಿ ಉಬ್ಬುಶಿಲ್ಪ ಚಪ್ಪಟೆಯಾಗಿಬಿಡುತ್ತದೆ. ಕೊಟ್ಟ ದುಡ್ಡಿನ ಅರ್ಧ ನೆರಳಿನದು.